ಗಡಗಡನ ಕೈ

ಮಾರ್ಚ್ ೯

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದ.

ಎಲ್ಲ ಕ್ಷೇಮ ಎಂದು ಬರೆದೇ ಕಾಗದ ಶುರು ಮಾಡುವುದು ನನ್ನ ಹಳೆಯ ಅಭ್ಯಾಸ. ಈ ಸಲ ಎರಡು ಬೆರಳು, ಒಂದು ಕಿವಿ ಬಿಟ್ಟು ಉಳಿದದ್ದೆಲ್ಲ ಕ್ಷೇಮ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಏಳು ವಾರ ಸುಮ್ಮನಿದ್ದೆ, ಸಿಟ್ಟು ಮಾಡಿಕೊಳ್ಳಬೇಡ. ಬಲಗೈಯ ಕಟ್ಟು ಬಿಚ್ಚಿದ್ದು ಮೊನ್ನೆ. ಆಸ್ಪತ್ರೆಯ ನರ್ಸಮ್ಮ “ನೀವು ಹೇಳಿ, ನಾನು ಬರೀತೀನಿ” ಅಂದಳು. ಮಗಳಿಗೆ ಬರೆಯುವ ಕಾಗದವನ್ನು ಇನ್ನೊಬ್ಬರ ಅಕ್ಷರದಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಈಗ ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಪೆನ್ನು ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ನಿನ್ನ ಒಂದನೇ ಕ್ಲಾಸಿನ ಮಕ್ಕಳಿಗೆ ತೋರಿಸು, ಅವರಿಗೂ ಸ್ವಲ್ಪ ಧೈರ್ಯ ಬರಲಿ.

“ಪೇಪರಿನಲ್ಲಿ ಬಂದದ್ದನ್ನು ಓದಿದೆ, ನೀನೇ ನಿನ್ನ ಮಾತಿನಲ್ಲಿ ಬರೆ, ಶಾಲೆಯಲ್ಲಿ ಓದಿ ಹೇಳುತ್ತೇನೆ” ಎಂದು ಕೇಳಿದ್ದೀಯ. ಸರಿ, ಕೇಳು.

ಹೊಸ ಸಿಪಾಯಿಗಳಿಗೆ ಕೈಬಾಂಬು ಎಸೆಯುವುದನ್ನು ಕಲಿಸುತ್ತಾ ಇಪ್ಪತ್ತಾರು ವರ್ಷವಾಯಿತು. ನಾವು ನಿಲ್ಲುವ ಜಾಗ ಒಂದು ಸ್ನಾನದ ಮನೆಯಷ್ಟು ದೊಡ್ಡದು, ಅಷ್ಟೆ. ಎದುರಿಗೆ ಎದೆಮಟ್ಟದ ಗೋಡೆ, ಪಕ್ಕದಲ್ಲಿ ಮರಳಿನ ಚೀಲದ ಗೋಡೆ, ಕಾಲ ಬಳಿ ಒಂದು ಆಳವಾದ ಗುಂಡಿ. ಹೊಸಬ ಪಿನ್ನು ಕೀಳುತ್ತಾನೆ, ಗೋಡೆಯಾಚೆಗೆ ಎಸೆಯುತ್ತಾನೆ, ಇಬ್ಬರೂ ಕೂರುತ್ತೇವೆ. ಕೈಯಿಂದ ಬಿಟ್ಟ ಮೇಲೆ ನಾಲ್ಕು ಸೆಕೆಂಡಿಗೆ ಸಿಡಿಯುತ್ತದೆ. ಅಕಸ್ಮಾತ್ ಒಳಗೇ ಜಾರಿ ಬಿದ್ದರೆ ನಾನು ಅದನ್ನು ಒದ್ದು ಗುಂಡಿಗೆ ತಳ್ಳಬೇಕು. ಹಿಂದೆ ಇಳಿಜಾರಿನಲ್ಲಿ ಒಂದು ತಗಡಿನ ಶೆಡ್ಡು. ಉಳಿದವರು ಸರದಿ ಕಾಯುತ್ತಾ ಕೂರುವುದು ಅಲ್ಲಿ. ಆವತ್ತು ಮೂವತ್ತು ಮಂದಿ ಕೂತಿದ್ದರು.

ಈ ತಂಡದಲ್ಲಿ ಒಬ್ಬನಿದ್ದ. ಇಪ್ಪತ್ತೆರಡು ವರ್ಷ, ಕೋಲಿಗೆ ಬಟ್ಟೆ ತೊಡಿಸಿದ ಹಾಗೆ ಮೈ. ಅವನ ಅಪ್ಪನದು ಗಡಿಯಾರ ರಿಪೇರಿ ಅಂಗಡಿ. ನಾನು ಎದುರಿಗೆ ಹೋಗಿ ನಿಂತರೆ ಸಾಕು, ಅವನ ಎರಡೂ ಕೈ ಗಡಗಡ ನಡುಗುತ್ತಿದ್ದವು. ಹಾಗಾಗಿ ಮೊದಲ ವಾರದಲ್ಲೇ ‘ಗಡಗಡ’ ಎಂದು ಹೆಸರಿಟ್ಟೆ. ಹಾಜರಿ ಕೂಗುವಾಗಲೂ ಅದೇ. ಊಟದ ಹಾಲಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿ, ತುಂಬಿದ ಲೋಟವನ್ನು ಕೈ ನೀಡಿ ಹಿಡಿ ಅನ್ನುತ್ತಿದ್ದೆ. ನೀರು ತುಳುಕಿ ಕೆಳಗೆ ಕೂತವನ ತಲೆಯ ಮೇಲೆ ಬೀಳುತ್ತಿತ್ತು. ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹೊಸಬರಿಗೆ ಇಂಥದ್ದೆಲ್ಲ ಬೇಕು ಪುಟ್ಟಿ, ಇಲ್ಲದಿದ್ದರೆ ಗಟ್ಟಿಯಾಗುವುದಿಲ್ಲ.

ಆವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನ ಸರದಿ. ಪಿನ್ನು ಕಿತ್ತ. ಬಾಂಬು ಕೈಯಿಂದ ಜಾರಿ ಕಾಲ ಬಳಿ ಬಿತ್ತು. ನಾನು ಒದ್ದೆ. ಅದು ಗುಂಡಿಗೆ ಹೋಗಬೇಕಿತ್ತು, ಹಾಳಾದದ್ದು ಅವನ ಬೂಟಿಗೆ ಬಡಿದು ತಿರುಗಿ ಇಳಿಜಾರಿನಲ್ಲಿ ಶೆಡ್ಡಿನ ಕಡೆಗೆ ಉರುಳಿತು. ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಎರಡು ಹೆಜ್ಜೆ ಓಡಿದೆ, ಬಾಚಿಕೊಂಡೆ, ಪಕ್ಕದ ಗೋಡೆಯಾಚೆಗೆ ಎಸೆದೆ. ಅದು ಗೋಡೆ ದಾಟಿತು. ನನ್ನ ಕೈ ಇನ್ನೂ ಗೋಡೆಯ ಮೇಲಿತ್ತು. ಅಷ್ಟೆ. ಶೆಡ್ಡಿನಲ್ಲಿದ್ದ ಒಬ್ಬನಿಗೂ ಚೂರು ತಾಗಲಿಲ್ಲ. ಗಡಗಡನಿಗೂ ಏನೂ ಆಗಲಿಲ್ಲ, ಪ್ಯಾಂಟು ಒದ್ದೆ ಮಾಡಿಕೊಂಡದ್ದು ಬಿಟ್ಟರೆ. ಇದನ್ನು ಮಕ್ಕಳಿಗೆ ಓದಬೇಡ. ಓದಿದರೂ ಪರವಾಗಿಲ್ಲ, ನಗುತ್ತವೆ.

ವಿಚಾರಣೆಯೂ ಮುಗಿಯಿತು. ಮೂವರು ಅಧಿಕಾರಿಗಳು ಬಂದಿದ್ದರು. ಗಡಗಡ ತಾನೇ ಒಪ್ಪಿಕೊಂಡ: “ನನ್ನ ಕೈ ನಡುಗಿ ಜಾರಿತು ಸರ್.” ಆಸ್ಪತ್ರೆಯಲ್ಲಿ ದಿನಾ ನನ್ನ ಮಂಚದ ಕಾಲ ಬಳಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ನನ್ನ ಬಟ್ಟೆ ಒಗೆಯುತ್ತಿದ್ದ. ನಾಯಿಯ ಹಾಗೆ ನಿಯತ್ತು.

ನಿನ್ನಮ್ಮ ಪೇಪರಿನ ತುಂಡನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಾಳೆ. ಹಾಲಿನವನಿಗೂ ತೋರಿಸಿದ್ದಾಳಂತೆ. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಎಡಗಿವಿ ಕೇಳಿಸುವುದಿಲ್ಲ, ಇನ್ನು ಮೇಲೆ ಅವರು ರಾಜಕೀಯ ಮಾತಾಡುವಾಗ ಆ ಕಿವಿಯನ್ನು ಅವರ ಕಡೆ ಮಾಡಿ ಕೂರುತ್ತೇನೆ ಎಂದು ಹೇಳು.

ಇಂತಿ,
ನಿನ್ನ ಅಪ್ಪ

&nbsp;

ಜೂನ್ ೨೧

ಮುದ್ದು ಪುಟ್ಟಿಗೆ ಆಶೀರ್ವಾದ.

ಮತ್ತೆ ತಡ. ಆದರೆ ಈ ಸಲ ನೆಪ ದೊಡ್ಡದು: ಪದಕ ಬಂತು. ದೊಡ್ಡ ಸಾಹೇಬರು ಮೈದಾನದಲ್ಲಿ ಎಲ್ಲರೆದುರಿಗೆ ಎದೆಗೆ ಚುಚ್ಚಿದರು. ಚುಚ್ಚುವಾಗ ಪಿನ್ನು ಚರ್ಮಕ್ಕೂ ತಾಗಿತು, ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಿನಗೆ ಬರಲಾಗಲಿಲ್ಲ ಎಂದು ನಿನ್ನಮ್ಮನಿಗೆ ಬೇಜಾರು. ಪರೀಕ್ಷೆಯ ಸಮಯ, ಏನು ಮಾಡಲಿಕ್ಕಾಗುತ್ತದೆ, ನಾನೇ ಸಮಾಧಾನ ಹೇಳಿದೆ.

ಅದಾದ ಮೇಲೆ ಒಂದು ತಮಾಷೆ ಶುರುವಾಗಿದೆ. ನಮ್ಮ ತರಬೇತಿ ಕೇಂದ್ರಕ್ಕೆ ಯಾರೇ ದೊಡ್ಡವರು ಬಂದರೂ “ಅದು ಹೇಗಾಯ್ತು, ತೋರಿಸಿ” ಅನ್ನುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಸಾಹೇಬರು ಮೈದಾನದಲ್ಲೇ ಹಲಗೆಯ ಗೋಡೆ ಕಟ್ಟಿಸಿದರು. ಈಗ ಪ್ರತಿ ಶನಿವಾರ ಪ್ರದರ್ಶನ. ಕುರ್ಚಿ, ಶಾಮಿಯಾನ, ಮೈಕು ಎಲ್ಲ ಇದೆ. ಒಳಗೆ ಮದ್ದಿಲ್ಲದ ಕಬ್ಬಿಣದ ಗುಂಡು. ಗಡಗಡ ಅದನ್ನು ಹಿಡಿದು ನಡುಗಬೇಕು, ಬೀಳಿಸಬೇಕು; ನಾನು ಓಡಿ ಎತ್ತಿ ಎಸೆಯಬೇಕು; ಹಿಂದೆ ಯಾರೋ ಪಟಾಕಿ ಹಚ್ಚುತ್ತಾರೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ.

ಮೊದಲ ಶನಿವಾರ ಅವನು ಸರಿಯಾಗಿ ನಡುಗಲಿಲ್ಲ. ಸಾಹೇಬರು ಮೈಕಿನಲ್ಲೇ “ಇನ್ನೂ ಜೋರಾಗಿ ನಡುಗೋ, ಹಿಂದಿನ ಸಾಲಿಗೆ ಕಾಣಿಸ್ಬೇಡ್ವೇನೋ!” ಅಂದರು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ನಮ್ಮ ಸ್ಟೋರಿನವನಿಗೆ ಒಂದು ಬುದ್ಧಿ ಹೊಳೆಯಿತು. ರಬ್ಬರಿನ ಚೀಲದಲ್ಲಿ ನೀರು ತುಂಬಿ ಗಡಗಡನ ಪ್ಯಾಂಟಿನೊಳಗೆ ಕಟ್ಟಿದ. ಗುಂಡು ಬಿದ್ದ ತಕ್ಷಣ ದಾರ ಎಳೆಯಬೇಕು. ನಿಜ ಹೇಳಲೇ, ಈಗ ನನ್ನ ಓಟಕ್ಕಿಂತ ಅದಕ್ಕೇ ಚಪ್ಪಾಳೆ ಜಾಸ್ತಿ. ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಅವನ ಜೊತೆಯವರೆಲ್ಲ ತರಬೇತಿ ಮುಗಿಸಿ ಬೇರೆ ಬೇರೆ ಕಡೆ ಹೋದರು. ಅವನನ್ನು ಮಾತ್ರ ಪ್ರದರ್ಶನಕ್ಕೆಂದು ಇಲ್ಲೇ ಉಳಿಸಿಕೊಂಡಿದ್ದಾರೆ. ಕಳೆದ ವಾರ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

“ಸರ್, ನನ್ನನ್ನೂ ಎಲ್ಲಿಗಾದ್ರೂ ಕಳಿಸ್ಬಿಡಿ ಸರ್.”

“ಯಾಕೋ, ಇಲ್ಲೇನು ಕಮ್ಮಿ ಆಗಿದೆ? ಊಟ ಇಲ್ವಾ, ಹಾಸಿಗೆ ಇಲ್ವಾ?”

“ಅದಲ್ಲ ಸರ್. ಹೊಸಬರು ದಾರಿಯಲ್ಲಿ ನೋಡಿದ್ರೆ ನೀರು ಎರಚ್ತಾರೆ.”

“ನೀರು ತಾನೆ, ಆರುತ್ತೆ ಬಿಡು. ನೀನು ಇವತ್ತು ಉಸಿರಾಡ್ತಿರೋದು ಯಾರಿಂದ?”

“ನಿಮ್ಮಿಂದ ಸರ್.”

“ಮತ್ತೆ?”

ಸಲ್ಯೂಟ್ ಹೊಡೆದು ಹೋದ. ಪಾಪದವನು. ಆದರೆ ಒಮ್ಮೆ ಸಡಿಲ ಬಿಟ್ಟರೆ ಇಂಥವರು ಕೈಗೆ ಸಿಗುವುದಿಲ್ಲ.

ಮೊನ್ನೆ ಶನಿವಾರ ಅವನ ತಾಯಿ ಬಂದಿದ್ದಳು. ಬಸ್ಸು ಬದಲಾಯಿಸಿ ಬದಲಾಯಿಸಿ ಹದಿನಾಲ್ಕು ಗಂಟೆ ಪ್ರಯಾಣ ಮಾಡಿದ್ದಳು. ಬಂದವಳೇ ನನ್ನ ಈ ಅರ್ಧ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನಾನೇ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದೆ. ಮಗ ಬಂದು ನಿಂತಾಗ ಚಪ್ಪಾಳೆ ಹೊಡೆದಳು. ಅವನು ನಡುಗಿದಾಗ ಜನ ನಕ್ಕರು, ಅವಳೂ ನಕ್ಕಳು; ಇದೇನೋ ನಾಟಕ ಅಂದುಕೊಂಡಳೋ ಏನೋ. ಆಮೇಲೆ ಪ್ಯಾಂಟು ಒದ್ದೆಯಾಯಿತು. ಅವಳ ಕೈ ಚಪ್ಪಾಳೆಯ ನಡುವೆಯೇ ನಿಂತುಹೋಯಿತು. ಪ್ರದರ್ಶನ ಮುಗಿದ ಮೇಲೆ ಮೆಲ್ಲಗೆ ಕೇಳಿದಳು:

“ಆವತ್ತು ಹೀಗೇ ಆಯ್ತಾ ಸರ್?”

“ಹೌದಮ್ಮ, ಹೀಗೇ ಆಯ್ತು.”

“ಚಿಕ್ಕ ಮಗು ಇದ್ದಾಗ್ಲೂ ಹಾಸಿಗೆ ಒದ್ದೆ ಮಾಡಿದವನಲ್ಲ ಅವನು,” ಅಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ನನಗೇ ಕೈ ಮುಗಿದಳು.

ಯಾಕೋ ಅದನ್ನು ನೆನೆಸಿಕೊಂಡರೆ ಸ್ವಲ್ಪ ಮುಜುಗರ. ಇರಲಿ.

ನಿನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದೀಯ. ಬರೀ ಭಾಷಣ ಯಾಕೆ? ಸಾಹೇಬರ ಒಪ್ಪಿಗೆ ಸಿಕ್ಕಿದೆ, ಗಡಗಡನನ್ನೂ ಕರೆದುಕೊಂಡು ಬರುತ್ತೇನೆ. ಹಲಗೆ ಗೋಡೆಯನ್ನು ಬಿಚ್ಚಿ ಜೋಡಿಸಬಹುದು. ಮಕ್ಕಳು ಜನ್ಮದಲ್ಲಿ ಮರೆಯಬಾರದು, ಹಾಗೆ ಮಾಡಿ ತೋರಿಸುತ್ತೇವೆ.

ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ.

ನಿನ್ನ ಅಪ್ಪ

&nbsp;

ಅಕ್ಟೋಬರ್ ೪

ಪುಟ್ಟಿ,

ನಿನ್ನ ಕಾರ್ಡು ತಲುಪಿ ಇಪ್ಪತ್ತು ದಿನವಾಯಿತು. ಅದರಲ್ಲಿ ಕ್ಷೇಮ ಸಮಾಚಾರವಿಲ್ಲ, ಕೆಳಗೆ ‘ನಿನ್ನ ಮಗಳು’ ಎಂದೂ ಇಲ್ಲ. ಒಂದೇ ಸಾಲು: ‘ಅಪ್ಪಾ, ಆವತ್ತು ನಿಜವಾಗಿ ಏನಾಯಿತು?’ ನಿನ್ನಮ್ಮ ಓದುವುದಕ್ಕೆ ಮುಂಚೆ ಎತ್ತಿಟ್ಟುಕೊಂಡೆ. ಉತ್ತರ ತಡವಾಯಿತು, ಕ್ಷಮಿಸು. ಈ ಸಲ ಕೈಯ ನೆಪ ಹೇಳುವುದಿಲ್ಲ.

ನಿನ್ನ ಶಾಲೆಯ ಆ ದಿನವನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದೇನೆ. ಮಕ್ಕಳು ಕಿರುಚಿ ಕಿರುಚಿ ನಕ್ಕವು. ನೀನು ಮಾತ್ರ ಕಂಬಕ್ಕೆ ಒರಗಿ ನಿಂತಿದ್ದೆ. ಎಲ್ಲ ಮುಗಿದ ಮೇಲೆ ಒದ್ದೆ ಪ್ಯಾಂಟಿನಲ್ಲಿ ಕೂತಿದ್ದವನಿಗೆ ನೀನೇ ಹೋಗಿ ಟವೆಲು ಕೊಟ್ಟೆ. ಆಫೀಸಿನ ಗೋಡೆ ಗಡಿಯಾರ ನಿಂತು ಎಷ್ಟೋ ದಿನವಾಗಿದೆ ಎಂದು ಮಾತಿಗೆ ಹೇಳಿದೆ. ಅವನು ಏಣಿ ಕೇಳಿದ. ಏಣಿಯ ತುದಿಯಲ್ಲಿ ಕೂತು, ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸಿದ. ಕೆಳಗಿನಿಂದ ನೀನು ಅಂದೆ: “ನಿಮ್ಮ ಕೈ ಎಷ್ಟು ನಿಧಾನ, ಎಷ್ಟು ಗಟ್ಟಿ! ನಡುಗೋದೇ ಇಲ್ಲವಲ್ಲ.” ಆಮೇಲೆ ನನ್ನ ಕಡೆ ತಿರುಗಿ ನೋಡಿದೆ. “ಹೆದರಿಕೆ ಆದಾಗ ಮಾತ್ರ ನಡುಗುತ್ತೆ” ಎಂದು ನಾನು ನಕ್ಕೆ. ನೀನು ನಗಲಿಲ್ಲ.

ಮುಂದಿನ ಶನಿವಾರ ಏನಾಯಿತೆಂದು ನಿನಗೆ ಗೊತ್ತಿಲ್ಲ. ಶಾಮಿಯಾನ ತುಂಬಿತ್ತು. ಗಡಗಡ ಬಂದು ನಿಂತ, ಗುಂಡು ಹಿಡಿದ. ನಡುಗಲಿಲ್ಲ. ಸಾಹೇಬರು ಮೈಕಿನಲ್ಲಿ “ನಡುಗೋ!” ಅಂದರು. ಅವನು ಕೈಯನ್ನು ಮುಂದಕ್ಕೆ ಚಾಚಿ ಹಾಗೇ ಹಿಡಿದುಕೊಂಡ. ಒಂದಿಷ್ಟೂ ಅಲುಗಲಿಲ್ಲ. ಜನ ಗುಸುಗುಸು ಶುರು ಮಾಡಿದರು. ಆಮೇಲೆ ಗುಂಡನ್ನು ಹಲಗೆ ಗೋಡೆಯ ಮೇಲೆ ಮೆಲ್ಲಗೆ ಇಟ್ಟು, ನನಗೊಂದು ಸಲ್ಯೂಟ್ ಹೊಡೆದು, ಮೈದಾನ ದಾಟಿ ಹೊರಟುಹೋದ. ನನ್ನ ಮೈಯೆಲ್ಲ ಬೆಂಕಿಯಾಯಿತು.

ಸಾಹೇಬರು ನನ್ನನ್ನೇ ಕರೆದು ಕೇಳಿದರು, “ಏನು ಶಿಕ್ಷೆ ಕೊಡೋಣ? ನೀವೇ ಹೇಳಿ.” ನಾನು ಹೇಳಿದೆ. ಹದಿನೆಂಟು ದಿನ ಕಾವಲು ಕೋಣೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಂಗಳದಲ್ಲಿ ನಿಂತು ಆ ಕಬ್ಬಿಣದ ಗುಂಡನ್ನು ಚಾಚಿದ ಕೈಯಲ್ಲಿ ಹಿಡಿದಿರಬೇಕು. ಕೈ ಇಳಿದರೆ ಮೊದಲಿನಿಂದ ಲೆಕ್ಕ. ಒಂಬತ್ತನೇ ದಿನ ನೋಡಲು ಹೋದೆ. ಬಿಸಿಲಲ್ಲಿ ನಿಂತಿದ್ದ.

“ಯಾಕೋ ಹೀಗೆ ಮಾಡ್ದೆ? ನನ್ನ ಮರ್ಯಾದೆ ಕಳೆದ್ಯಲ್ಲೋ.”

“ನನ್ನ ಕೈ ನಡುಗಲ್ಲ ಅಂತ ಮೇಡಂ ಅಂದ್ರು ಸರ್. ಹೌದಲ್ಲ ಅಂತ ನನಗೂ ಜ್ಞಾಪಕ ಬಂತು.”

ಅಷ್ಟು ಹೇಳುವಾಗಲೇ ಅವನ ಭುಜದಿಂದ ಬೆರಳಿನ ತುದಿಯವರೆಗೆ ನಡುಕ ಹತ್ತಿತ್ತು. ನಾನು ಕೈ ಇಳಿಸು ಎನ್ನಬಹುದಿತ್ತು. “ಮೊದಲಿನಿಂದ” ಎಂದು ಕಾವಲಿನವನಿಗೆ ಹೇಳಿ ಬಂದೆ.

ಹತ್ತೊಂಬತ್ತನೇ ದಿನ ಸೈನ್ಯಕ್ಕೆ ಅಯೋಗ್ಯನೆಂದು ಬರೆದು ಮನೆಗೆ ಕಳಿಸಿದರು. ‘ಕೈ ನಡುಕ, ಹೇಡಿತನ, ಅವಿಧೇಯತೆ’ ಎಂದು ಕಾಗದದಲ್ಲಿತ್ತು. ಕೆಳಗಿದ್ದ ಸಹಿ ನನ್ನದು.

ಆಮೇಲೆ ಬಂದದ್ದು ನಿನ್ನ ಕಾರ್ಡು. ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ರಜೆ ಹಾಕಿ ಅವನ ಊರಿಗೆ ಹೋದೆ. ನನ್ನ ಕೈಗಡಿಯಾರ ಕೆಟ್ಟಿದೆ ಎಂಬ ನೆಪ ಇಟ್ಟುಕೊಂಡಿದ್ದೆ. ಅಂಗಡಿ ಬೀರುವಿನಷ್ಟು ಅಗಲ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಮುಂದುಗಡೆ ಅವನ ಅಪ್ಪ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಗ್ಗಿ ಕೂತಿದ್ದರು. ಇವನು ಹಿಂದೆ ಮೂಲೆಯಲ್ಲಿ ಗಡಿಯಾರದ ಪೆಟ್ಟಿಗೆಗಳ ದೂಳು ಒರೆಸುತ್ತಿದ್ದ.

ತಾಯಿ ನನ್ನನ್ನು ಕಂಡದ್ದೇ ಓಡಿ ಬಂದು ಕುರ್ಚಿ ಒರೆಸಿದಳು. ಅಂಗಡಿಗೆ ಬಂದವರಿಗೆಲ್ಲ “ಇವರೇ, ನನ್ನ ಮಗನ ಜೀವ ಉಳಿಸಿದವರು ಇವರೇ” ಅಂದಳು. ಪುಟ್ಟಿ, ಅವಳು ನನ್ನನ್ನು ಬೈದಿದ್ದರೆ ನಾನು ಬೇಗ ಎದ್ದು ಬರಬಹುದಿತ್ತು.

ನನ್ನ ಗಡಿಯಾರವನ್ನು ಅಪ್ಪನ ಕೈಯಿಂದ ಅವನೇ ಇಸಿದುಕೊಂಡ. “ಸರ್‌ದು ನಾನೇ ಮಾಡ್ತೀನಿ.” ಹಿಂಬದಿಯ ಮುಚ್ಚಳ ತೆಗೆದ. ಚಿಮಟ ಹಿಡಿದ ಕೈ ಗಾಳಿಗೆ ಸಿಕ್ಕಿದ ಎಲೆಯ ಹಾಗಾಯಿತು. ಸಾಸಿವೆಯಷ್ಟು ಸಣ್ಣ ಒಂದು ತಿರುಪು ಕೆಳಗೆ ಬಿತ್ತು. ಮಂಡಿಯೂರಿ ಕೂತು ನೆಲವನ್ನು ಅಂಗೈಯಿಂದ ಸವರತೊಡಗಿದ. “ಸಿಗುತ್ತೆ ಸರ್, ಒಂದು ನಿಮಿಷ ಸರ್, ಈಗ ಸಿಗುತ್ತೆ.” ರಿಪೇರಿಗೆ ಬಂದಿದ್ದ ಒಬ್ಬ ಗಿರಾಕಿ “ನಂದು ಮಾತ್ರ ಇವನ ಕೈಗೆ ಕೊಡ್ಬೇಡಿ ಯಜಮಾನ್ರೆ” ಎಂದು ನಕ್ಕ. ಆ ಊರಿಗೂ ಪ್ರದರ್ಶನದ ಸುದ್ದಿ ಹೋಗಿದೆ.

ನಾನು ಬಂದಿದ್ದಕ್ಕೆ ಹೀಗಾಯಿತೇನೋ ಎಂದು ಅವನ ಅಪ್ಪನ ಹತ್ತಿರ ಮೆಲ್ಲಗೆ ಹೇಳಿದೆ.

“ಇಲ್ಲ ಸಾರ್,” ಅಂದರು ಅವರು, ಕಣ್ಣಿನ ಗಾಜು ತೆಗೆಯದೆ. “ಈಗ ಯಾವಾಗ್ಲೂ ಹೀಗೇ. ಅನ್ನ ಕಲಸಿ ಬಾಯಿಗೆ ಇಡೋಕೂ ಆಗಲ್ಲ, ಅವರಮ್ಮನೇ ತಿನ್ನಿಸ್ತಾಳೆ.”

ತಿರುಪು ಕೊನೆಗೂ ಅವರಿಗೇ ಸಿಕ್ಕಿತು.

ಬಸ್‌ಸ್ಟ್ಯಾಂಡಿನವರೆಗೂ ಅವನು ನನ್ನ ಚೀಲ ಹೊತ್ತು ಬಂದ. ಬಸ್ಸು ಹೊರಡುವಾಗ “ಮೇಡಂ ಶಾಲೆಯ ಗಡಿಯಾರ ನಡೀತಿದ್ಯಾ ಸರ್?” ಎಂದು ಕೇಳಿದ. ನಡೆಯುತ್ತಿದೆ ಎಂದೆ. ನನಗೆ ಗೊತ್ತಿಲ್ಲ. ನಡೆಯುತ್ತಿದೆಯೇ?

ಇನ್ನು ಎರಡು ತಿಂಗಳಿಗೆ ನನ್ನ ನಿವೃತ್ತಿ. ಶೆಡ್ಡಿಗೆ ನನ್ನ ಹೆಸರಿಡುತ್ತಾರಂತೆ. ನಿನ್ನಮ್ಮ ಈಗಲೇ ಸೀರೆ ಆರಿಸಿಟ್ಟಿದ್ದಾಳೆ. ನೀನು ಬರುವೆಯೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ನಿನ್ನ ಕೈಯಲ್ಲಿ ಕಲಿಯುವ ಮಕ್ಕಳು ಯಾರಿಗೂ ಹೆದರದೆ ಬೆಳೆಯಲಿ. ನೀನು ನೂರು ಕಾಲ ಚೆನ್ನಾಗಿರು ಮಗಳೇ.

ಇಂತಿ,
ಅಪ್ಪ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀನು ಕೇಳಿದ್ದಕ್ಕೆ ಮೂರು ಹಾಳೆ ಬರೆದರೂ ಉತ್ತರ ಹೇಳಲಿಲ್ಲ.

ಆವತ್ತು ಅವನ ಕೈ ನಡುಗಲಿಲ್ಲ ಪುಟ್ಟಿ. ಪಿನ್ನು ಕಿತ್ತು, ಬಾಂಬನ್ನು ಎತ್ತಿ ಹಿಡಿದು, ನನ್ನ ಕಡೆ ನೋಡಿ ನಕ್ಕ. “ಇವತ್ತು ನಡುಗ್ತಾ ಇಲ್ಲ ಸರ್!” ಅಂದ. ತಿಂಗಳುಗಟ್ಟಲೆ ಒಬ್ಬನೇ ಕಲ್ಲು ಹಿಡಿದು ಅಭ್ಯಾಸ ಮಾಡಿದ್ದನಂತೆ. ಈ ಗಡಗಡನ ನಾಟಕ ನೋಡಿ ಬರುತ್ತೇನೆ ಎಂದು ನಾನು ಶೆಡ್ಡಿನಲ್ಲಿದ್ದವರಿಗೆ ಹೇಳಿ ಬಂದಿದ್ದೆ. ನನಗೆ ಅವನ ಆ ನಗು ಸಹಿಸಲಾಗಲಿಲ್ಲ. “ನಡುಗೋದು ಹೀಗೆ ಕಣೋ” ಎಂದು ಅವನ ಮೊಣಕೈ ಹಿಡಿದು ಅಲ್ಲಾಡಿಸಿದೆ. ಬಿತ್ತು.

ಆ ನಾಲ್ಕು ಸೆಕೆಂಡು ನಾನು ಓಡಿದ್ದು ಸುಳ್ಳಲ್ಲ. ಅದಕ್ಕೆ ಮುಂಚಿನ ಒಂದು ಸೆಕೆಂಡು ನಮ್ಮಿಬ್ಬರಿಗೇ ಗೊತ್ತು.

ವಿಚಾರಣೆಯ ಹಿಂದಿನ ದಿನ ಅವನು ಆಸ್ಪತ್ರೆಗೆ ಬಂದ. ಸ್ಟೂಲನ್ನು ನನ್ನ ಕೇಳುವ ಕಿವಿಯ ಹತ್ತಿರ ಎಳೆದುಕೊಂಡು ಕೂತ. “ಸರ್, ನಾಳೆ ನಾನು ಏನಂತ ಹೇಳ್ಲಿ ಸರ್?” ಎಂದು ಕೇಳಿದ. ಎರಡು ಸಲ ಕೇಳಿದ. ನಾನು ಕಣ್ಣು ಮುಚ್ಚಿಕೊಂಡು, ನಿದ್ದೆ ಬಂದವನ ಹಾಗೆ ಉಸಿರಾಡುತ್ತಾ ಮಲಗಿದ್ದೆ.